ವಲ್ಲಿಯ ಕೆಳಗಿನ ಕಿಮ್ಮತ್ತು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಕ್ಕಳು ಮೊಮ್ಮಕ್ಕಳು ಇನ್ನೂ ಬಾಗಲಕೋಟೆಯಲ್ಲೇ ಇದ್ದಾರೆ, ಮರ್ಯಾದೆಯಿಂದ ಬಾಳುತ್ತಿದ್ದಾರೆ. ಹಳಬರಿಗೆ ಹೆಸರು ಬೇಕಾಗಿಯೂ ಇಲ್ಲ. ದಲಾಲ ಸಾಹೇಬರು ಎಂದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಹೊಸದಾಗಿ ಬಿಟ್ಟ ಮೋಟಾರೊಂದನ್ನು ಕೊಂಡು ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದ. "ಕಂಪನಿ ಕಿಮ್ಮತ್ತಿನ ಮ್ಯಾಲ ಎಷ್ಟ ಹೆಚ್ಚಿಗಿ ಸುರದೆ ಅನ್ನೂದ ಮಾತ್ರ ಕೇಳಬ್ಯಾಡ್ರಿ ಕಾಕಾ" ಎಂದು ನಗುತ್ತಾ ಹೇಳಿದ. ಸುರಿದದ್ದರಲ್ಲಿಯೂ ಅವನಿಗೊಂದು ಜಂಬ! ನನಗೆ ನಗು ಬರಲಿಲ್ಲ. ಆ ಹೆಚ್ಚಿಗೆ ಎನ್ನುವುದು ಒಂದು ಸಂಸಾರವನ್ನು ಹೇಗೆ ತಿಂದಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ತಿನ್ನಿಸಿದವರು ಕೆಟ್ಟವರಾಗಿದ್ದರೆ ಈ ಬರೆಹದ ಗೋಜೇ ಇರುತ್ತಿರಲಿಲ್ಲ.

ಆಗ ನಾನು ಬಾಗಲಕೋಟೆಯ ರೈಲ್ವೆ ಸ್ಟೇಷನ್ನಿನಲ್ಲಿ ಗೂಡ್ಸ್ ಕ್ಲಾರ್ಕ, ಊರವರ ಬಾಯಲ್ಲಿ ಮಾಸ್ತರ. ಮೊದಲನೆಯ ದೊಡ್ಡ ಲಡಾಯಿ ಮುಗಿದ ಹೊಸದು. ಅಲ್ಲಿಯವರೆಗೆ ಅರಳೆ ಅಂಡಿಗೆ, ಸೇಂಗಾ ಚೀಲ, ಸೀಮೆಎಣ್ಣೆಯ ಡಬ್ಬಿಗಳನ್ನು ಮಾತ್ರ ಕಂಡಿದ್ದ ನಮ್ಮ ಗೋದಾಮಿಗೆ ಮೋಟಾರು ಗಾಡಿಗಳು ದೊಡ್ಡ ದೊಡ್ಡ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಬರತೊಡಗಿದವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ಲು ಈ ನಾಲ್ಕೂ ಕಡೆಗೆ ಗಾಡಿ ಮಾರುವ ಕೆಲಸವನ್ನು ಹುಬ್ಬಳ್ಳಿಯ ಏಜೆನ್ಸಿಯೊಂದು ಸಾಹೇಬರಿಗೆ ಕೊಟ್ಟಿತ್ತು. ಮೋಟಾರಿನ ಗಂಧವೂ ಇಲ್ಲದ ಇವರಿಗೆ ಯಾಕೆ ಕೊಟ್ಟರೆಂದರೆ, ಇವರದು ತಲತಲಾಂತರದಿಂದ ದನದ ದಲಾಲಿ. ಯಾವ ದೇಸಾಯರ ಮನೆಯಲ್ಲಿ ಎಂಥ ಎತ್ತು ಕಟ್ಟಿದ್ದಾರೆ, ಯಾರ ಗಂಟು ಎಷ್ಟು ಗಟ್ಟಿ ಎಂಬುದು ಇವರಿಗೆ ಬಾಯಿಪಾಠವಾಗಿತ್ತು. ಏಜೆನ್ಸಿಯವರೇನು ದಡ್ಡರೇ?

ಪೆಟ್ಟಿಗೆ ಒಡೆದಾಗ ಡ್ರೈವರನ ಕೈಯ ಚಕ್ರಕ್ಕೆ ದಪ್ಪ ಕಾಗದದ ಚೀಟಿಯೊಂದನ್ನು ದಾರದಿಂದ ಕಟ್ಟಿರುತ್ತಿದ್ದರು. ಅದರ ಮೇಲೆ ಕಂಪನಿಯ ಕಿಮ್ಮತ್ತು ಅಚ್ಚಾಗಿರುತ್ತಿತ್ತು. ಆ ಕಿಮ್ಮತ್ತಿಗಿಂತ ಒಂದು ಬಿಡಿಗಾಸೂ ಹೆಚ್ಚಿಗೆ ಕೇಳಕೂಡದೆಂದು ಏಜೆನ್ಸಿಯ ಕಟ್ಟಪ್ಪಣೆ. ಸಾಹೇಬರು ಕೇಳುತ್ತಲೂ ಇರಲಿಲ್ಲ. ಗಿರಾಕಿಗೆ ಆ ಚೀಟಿಯನ್ನು ತಾವೇ ಎತ್ತಿ ತೋರಿಸುತ್ತಿದ್ದರು. ಅವನು ಓದಿ ತಲೆ ಅಲ್ಲಾಡಿಸಿದ ಮೇಲೆ ಹೆಗಲ ಮೇಲಿನ ವಲ್ಲಿಯನ್ನು ಬಲಗೈ ಮೇಲೆ ಹರವಿಕೊಂಡು ಮುಂದೆ ಚಾಚುತ್ತಿದ್ದರು. ಗಿರಾಕಿ ಆ ಬಟ್ಟೆಯ ಕೆಳಗೆ ತನ್ನ ಕೈ ತೂರಿಸಬೇಕು. ದನದ ಪೇಟೆಯಲ್ಲಿ ನಡೆಯುವ ವ್ಯಾಪಾರವೇ ಇದು. ಒಳಗೆ ಒಬ್ಬರು ಇನ್ನೊಬ್ಬರ ಬೆರಳು ಹಿಡಿದು ಒತ್ತುತ್ತಾರೆ, ಹಿಡಿದ ಬೆರಳೆಷ್ಟೋ ಅಷ್ಟು ನೂರು. ಹೊರಗೆ ನಿಂತವರಿಗೆ ಬಟ್ಟೆ ಅಲ್ಲಾಡುವುದಷ್ಟೇ ಕಾಣುತ್ತದೆ. ಎತ್ತಿನ ವ್ಯಾಪಾರದಲ್ಲಿ ಪೂರ್ತಿ ಕಿಮ್ಮತ್ತೇ ಹೀಗೆ ಕುದುರುತ್ತಿತ್ತು. ಸಾಹೇಬರ ಮೋಟಾರಿನ ವ್ಯಾಪಾರದಲ್ಲಿ ಚೀಟಿಯ ಮೇಲೆ ಎಷ್ಟು ಎಂಬುದು ಮಾತ್ರ.

ಅವರ ಕೈ ನೋಡಬೇಕಾಗಿತ್ತು. ಆಳು ದೊಡ್ಡವರು, ಹರೆಯದಲ್ಲಿ ಗರಡಿಯಲ್ಲಿ ಕುಸ್ತಿ ಹಿಡಿದವರು, ಆದರೆ ಕೈ ಮಾತ್ರ ಬಾಣಂತಿಯ ಕೈಯಷ್ಟು ಮೆತ್ತಗೆ. ದಿನಾ ಬೆಳಿಗ್ಗೆ ಕುಸುಬೆ ಎಣ್ಣೆ ತಿಕ್ಕಿ, ಉಗುರು ತೆಗೆದು, ಮುಂಗೈಗೆ ಒಂದಿಷ್ಟು ಅತ್ತರು ಹಚ್ಚಿಕೊಳ್ಳುತ್ತಿದ್ದರು. ಮೋಟಾರಿನ ಒಂದು ತಿರುಪನ್ನೂ ಅವರು ಮುಟ್ಟಿದ್ದನ್ನು ನಾನು ಕಾಣೆ. "ಕೈ ಕೆಟ್ಟರ ನನ್ನ ದುಕಾನ ಮುಚ್ಚಿಧಾಂಗ" ಎನ್ನುತ್ತಿದ್ದರು. ಬಟ್ಟೆಯ ಕೆಳಗೆ ಗಿರಾಕಿಯ ಅಂಗೈ ಬೆವರಿದೆಯೋ ಒಣಗಿದೆಯೋ, ಬೆರಳು ಹಿಡಿದೊಡನೆ ಬಿಗಿಯುತ್ತದೋ ಸಡಿಲಾಗುತ್ತದೋ, ಅದರ ಮೇಲೆ ಅವನ ಅವಸರ ಎಷ್ಟೆಂದು ತಿಳಿದುಕೊಳ್ಳುತ್ತಿದ್ದರಂತೆ.

ಒಮ್ಮೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಸಾಹೇಬರ, ಚೀಟಿ ಮ್ಯಾಲ ಬರದದ್ದ ಒಂದು, ನೀವು ತಗೊಳ್ಳೂದು ಇನ್ನೊಂದು. ಇದು ಯಾವೂರ ನ್ಯಾಯ?"

"ಮಾಸ್ತರ, ನಾ ಹೆಚ್ಚಿಗಿ ಕೇಳಿದ್ದ ನೀವು ಕಿವಿಲೆ ಕೇಳೀರೇನು?"

"ಇಲ್ಲ."

"ಕಣ್ಣಿಲೆ ನೋಡೀರೇನು?"

"ಬಟ್ಟಿ ಮುಚ್ಚಿರತೈತಿ, ಹ್ಯಾಂಗ ನೋಡಲಿ?"

"ಮತ್ತ!" ಎಂದು ನಕ್ಕರು. ನನ್ನ ಮುಖ ನೋಡಿ ಆಮೇಲೆ ಸ್ವಲ್ಪ ಮೆತ್ತಗಾದರು. "ನೋಡ್ರಿ, ಗಾಡಿ ಮಾರೂದು ಕಂಪನಿ. ನಾ ಗಾಡಿ ಮಾರೂದಿಲ್ಲ. ತಡಕೊಳ್ಳಾಕ ಆಗದವಗ ಮೊದಲ ಕೊಡತೇನಿ, ತಡಕೊಳ್ಳಾವಗ ಆಮ್ಯಾಲ ಕೊಡತೇನಿ. ಮೊದಲ ಬೇಕಂದವ ಮ್ಯಾಲ ಕೊಡಬೇಕು. ನನ್ನ ಖಾಸ ತಮ್ಮ ಬಂದ, ಅವನ ಕಡಿಂದನೂ ತಗೊಂಡೆ. ಒಬ್ಬಗ ಬಿಟ್ಟರ ಉಳದವ್ರೆಲ್ಲಾ ನನಗ ಕಳ್ಳ ಅಂತಾರ. ಎಲ್ಲಾರ ಕಡೆ ತಗೊಂಡರ ವ್ಯಾಪಾರಿ ಅಂತಾರ."

ನಾನು ಸಂಬಳಕ್ಕೆ ದುಡಿಯುವವನು, ರಸೀದಿ ಪುಸ್ತಕ ತೆಗೆದು ಪೆಟ್ಟಿಗೆಗಳ ಲೆಕ್ಕ ಬರೆಯತೊಡಗಿದೆ.

ಬಾಯಿಂದ ಕಿಮ್ಮತ್ತು ಆಡುವುದು ಅವರಿಗೆ ನಿಜಕ್ಕೂ ಬರುತ್ತಿರಲಿಲ್ಲ. ಕಾಯಿಪಲ್ಲೆ ಸಂತೆಯಲ್ಲಿ ಇದೊಂದು ತಮಾಷೆಯಾಗಿತ್ತು. ಬದನೆಕಾಯಿ ಮಾರುವವರು ಹೆಣ್ಣುಮಕ್ಕಳು, ಅವರ ಕೈ ಹಿಡಿಯುವಂತಿಲ್ಲ. ಬಾಯಿಂದ ಚೌಕಾಸಿ ಮಾಡಲು ಇವರಿಗೆ ನಾಲಿಗೆ ಏಳದು. ಅವರು ಹೇಳಿದ್ದನ್ನು ತೆಪ್ಪಗೆ ಕೊಟ್ಟು ಬರುತ್ತಿದ್ದರು. ಆ ಹೆಂಗಸರೋ, "ಬಂದರ ನೋಡ ನಮ್ಮ ಸಾಹೇಬರು" ಎಂದು ಒಬ್ಬರಿಗೊಬ್ಬರು ಕಣ್ಣು ಹೊಡೆದು ಎಲ್ಲರಿಗಿಂತ ದುಪ್ಪಟ್ಟು ಹೇಳುತ್ತಿದ್ದರು. ಮೋಟಾರಿನ ಗಿರಾಕಿಗಳಿಂದ ಸುಲಿದದ್ದರಲ್ಲಿ ಒಂದು ಪಾಲನ್ನು ಈ ಅವ್ವಂದಿರು ಸುಲಿದುಕೊಂಡರಲ್ಲ ಎಂದು ನನಗೆ ಒಳಗೊಳಗೇ ಖುಷಿ. ಸಾಹೇಬರಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ.

ಒಮ್ಮೆ ಹುಬ್ಬಳ್ಳಿಯಿಂದ ಏಜೆನ್ಸಿಯ ಅಧಿಕಾರಿ ಬಂದ. ಹೆಚ್ಚಿಗೆ ತೆಗೆದುಕೊಳ್ಳುತ್ತಾರೆಂದು ಯಾರೋ ಚಾಡಿ ಹೇಳಿದ್ದರು. ಅವನು ಬಾದಾಮಿಯ ರಸ್ತೆ ಗುತ್ತಿಗೆದಾರರನ್ನು ಕೇಳಿದ, ಹುನಗುಂದದ ಡಾಕ್ಟರರನ್ನು ಕೇಳಿದ, ಇಲಕಲ್ಲಿನ ಸೀರೆ ವ್ಯಾಪಾರಿಯನ್ನು ಕೇಳಿದ. ಎಲ್ಲರದೂ ಒಂದೇ ಮಾತು, ಚೀಟಿಯಲ್ಲಿದ್ದಷ್ಟೇ ಕೊಟ್ಟೆವು. ಹಿಂದಿನಿಂದ ಸಾಹೇಬರಿಗೆ ಶಾಪ ಹಾಕುತ್ತಿದ್ದವರೇ ಇವರು! ಆದರೆ ವಲ್ಲಿಯ ಕೆಳಗೆ ಆದದ್ದನ್ನು ಹೊರಗೆ ಆಡಬಾರದೆಂಬುದು ನಮ್ಮ ಕಡೆಯ ರೀತಿ. ಹೆಂಡತಿಗೂ ಹೇಳುವುದಿಲ್ಲ. ಹೇಳಿದವನ ಕೈಯನ್ನು ಪೇಟೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಅಧಿಕಾರಿ ಬೆಪ್ಪಾಗಿ ವಾಪಸು ಹೋದ.

ಇದನ್ನೆಲ್ಲ ಕೇಳಿ ಅವರನ್ನು ಬರೀ ದುರಾಸೆಯ ಮನುಷ್ಯ ಎಂದುಕೊಂಡರೆ ತಪ್ಪಾಗುತ್ತದೆ. ಲಡಾಯಿಯ ಕೊನೆಗೆ ಬಂದ ಜ್ವರದ ಬೇನೆಯಲ್ಲಿ, ಮನೆ ಮನೆಯಲ್ಲೂ ಹೆಣ ಬಿದ್ದು ಎತ್ತುವವರಿಲ್ಲದಾಗ, ಜಾತಿ ಕೇಳದೆ ಹೆಗಲು ಕೊಟ್ಟವರು ಇವರು. ನನ್ನ ತಂಗಿ ತೀರಿಕೊಂಡಾಗ ನಮ್ಮ ಭಾವಂದಿರೇ ಬಾಗಿಲು ಹಾಕಿಕೊಂಡಿದ್ದರು. ಸಾಹೇಬರು ಬಂದು ಹೊರಗೆ ನಿಂತು, "ಮಾಸ್ತರ, ನಾ ಮುಟ್ಟಬಹುದೋ ಇಲ್ಲೋ ಹೇಳಿಬಿಡ್ರಿ. ಕಟಗಿಯಂತೂ ಹೊತ್ತು ಹಾಕೇನಿ" ಎಂದರು. ಮುಟ್ಟಿರೆಂದೆ. ಆ ಋಣ ನನ್ನ ಮೇಲೆ ಇನ್ನೂ ಇದೆ, ಇರಲಿ.

ಈಗ ಯಮನಪ್ಪನ ಮಾತು ಹೇಳಬೇಕು. ಬಾಗಲಕೋಟೆಯ ಸ್ಟೇಷನ್ನಿನಿಂದ ಹುನಗುಂದದ ಮೇಲೆ ಇಲಕಲ್ಲಿಗೆ ಟಪಾಲು ಒಯ್ಯುವ ಟಾಂಗಾ ಅವನದು. ಅವನ ಅಪ್ಪನ ಕಾಲದಿಂದಲೂ ಆ ಗುತ್ತಿಗೆ ಆ ಮನೆಯಲ್ಲಿತ್ತು. ಟಪಾಲಿನ ಚೀಲ ನನ್ನ ಕಣ್ಣೆದುರೇ ಏರುತ್ತಿದ್ದುದರಿಂದ ಅವನೂ ನಾನೂ ದಿನಾ ಭೇಟಿಯಾಗುವವರು. ಸಾಹೇಬರೂ ಅವನೂ ಒಂದೇ ಗರಡಿಯ ಜೋಡಿ. ಊರೆಲ್ಲ ಸಾಹೇಬರೆನ್ನುವ ಮನುಷ್ಯನನ್ನು ಲೇ ಎನ್ನುವವನು ಅವನೊಬ್ಬನೇ. ಚೀಲ ಏರಿಸಿದ ಮೇಲೆ ಸಾಹೇಬರ ಷೆಡ್ಡಿನ ಮುಂದೆ ಟಾಂಗಾ ನಿಲ್ಲಿಸಿ, ಒಂದು ಚಿಟಿಕೆ ತಂಬಾಕು ಹಂಚಿಕೊಂಡು, ಒಬ್ಬರನ್ನೊಬ್ಬರು ಬಯ್ದುಕೊಂಡಲ್ಲದೆ ಅವನು ಊರು ಬಿಡುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಟಪಾಲು ಖಾತೆಯವರು ಡಂಗುರ ಹೊಡೆಸಿದಂತೆ ಹೇಳಿಬಿಟ್ಟರು. ಮಳೆಗಾಲ ಹಿಡಿಯುವುದರೊಳಗೆ ಯಾರ ಹತ್ತಿರ ಮೋಟಾರಿದೆಯೋ ಅವರಿಗೆ ಇನ್ನು ಗುತ್ತಿಗೆ, ಕುದುರೆಯ ಕಾಲ ಮುಗಿಯಿತು. ಯಮನಪ್ಪ ಎದೆಗೆಡಲಿಲ್ಲ. ಹುಬ್ಬಳ್ಳಿಗೆ ಹೋಗಿ ಯಾರದೋ ಕೈಕಾಲು ಹಿಡಿದು ಮೋಟಾರು ಹೊಡೆಯುವುದನ್ನು ಕಲಿತು ಬಂದ. ಇದ್ದೊಂದು ಹೊಲವನ್ನು ಮಾರಿ ಕಂಪನಿಯ ಕಿಮ್ಮತ್ತು ಹೊಂದಿಸಿಕೊಂಡ. ಅದಕ್ಕಿಂತ ಒಂದು ದುಡ್ಡು ಹೆಚ್ಚಿಗೆ ಅವನ ಹತ್ತಿರ ಇರಲಿಲ್ಲ, ಇದು ಎಲ್ಲರಿಗೂ ಗೊತ್ತಿತ್ತು.

"ಬರೂ ಗಾಡಿ ನಿಂದ ಅಂತ ತಿಳಕೊಳ್ಳೋ ಯಮನ್ಯಾ" ಎಂದು ಸಾಹೇಬರು ನನ್ನೆದುರಿಗೇ ಹೇಳಿದ್ದರು.

ಆ ಸಲ ಬಂದದ್ದು ಒಂದೇ ಗಾಡಿ, ಅದೂ ಆಗಷ್ಟೇ ಬಿಟ್ಟ ಹೊಸ ಮಾದರಿ. ಮುಂದಿನದು ಮಳೆಗಾಲ ಕಳೆದ ಮೇಲೆಯೇ ಎಂದು ಹುಬ್ಬಳ್ಳಿಯಿಂದ ತಿಳಿದಿತ್ತು. ಹತ್ತಿಯ ಬೀಜ ತೆಗೆಯುವ ಜಿನ್ನಿನ ಸಾವಕಾರನಿಗೂ ಟಪಾಲಿನ ಗುತ್ತಿಗೆಯ ವಾಸನೆ ಬಡಿದಿತ್ತು. ಪೆಟ್ಟಿಗೆ ಒಡೆಯುವ ಹೊತ್ತಿಗೆ ಅವನೂ ಬಂದು ಗೋದಾಮಿನ ಕಟ್ಟೆಯ ಮೇಲೆ ಕುಳಿತಿದ್ದ. ಹಮಾಲರು, ಟಾಂಗಾದವರು, ಪೇಟೆಯ ಮಂದಿ ಎಲ್ಲ ನೆರೆದಿದ್ದರು. ಯಮನಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಚೀಟಿಯನ್ನು ಯಾರಿಂದಲೋ ಓದಿಸಿಕೊಂಡು, "ಸರಿ ಐತಿ, ಇಷ್ಟ ತಂದೇನಿ" ಎಂದ.

ಸಾಹೇಬರು ವಲ್ಲಿ ಹರವಿ ಕೈ ಚಾಚಿದರು.

ಯಮನಪ್ಪ ಒಂದು ಕ್ಷಣ ಅವರ ಮುಖ ನೋಡಿದ. ಆಮೇಲೆ ನಗುತ್ತಲೇ ಕೈ ಇಟ್ಟ. ಗೆಳೆಯನ ವ್ಯಾಪಾರ, ನಾಲ್ಕು ಮಂದಿಯ ಮುಂದೆ ರೀತಿಗೆ ಮಾಡುತ್ತಾನೆ ಎಂದುಕೊಂಡಿದ್ದನೋ ಏನೋ. ಬಟ್ಟೆ ಒಮ್ಮೆ ಅಲ್ಲಾಡಿತು. ಯಮನಪ್ಪನ ನಗು ಹಾಗೇ ನಿಂತುಬಿಟ್ಟಿತು. ಬಿಸಿ ತಾಗಿದವನಂತೆ ಸರಕ್ಕನೆ ಕೈ ಎಳೆದುಕೊಂಡ. ಹಿಂದಿರುಗಿ ಟಾಂಗಾ ಏರಿ ಹೊರಟೇಬಿಟ್ಟ. ಸಾಹೇಬರ ಕೈ ಬಟ್ಟೆಯ ಕೆಳಗೆ ಚಾಚಿದ್ದು ಚಾಚಿದ ಹಾಗೇ ಇತ್ತು. ಅವರ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಹಿಂದೆ ಕಂಡಿರಲಿಲ್ಲ.

ಸಂಜೆ ನಾನು ಷೆಡ್ಡಿಗೆ ಹೋಗಿ ಬಾಯಿಗೆ ಬಂದಂತೆ ಬಯ್ದೆ. ತಂಗಿಯ ಋಣ ಗಿಣ ಏನೂ ನೆನಪಾಗಲಿಲ್ಲ.

"ನಿಮಗ ನಾಚಿಕಿ ಆಗೂದಿಲ್ಲೇನ್ರಿ? ಹೊಲ ಮಾರಿ ಬಂದವನ ಕಡೆ ಮ್ಯಾಲಿಂದ ಕೇಳತೀರಿ?"

"ಕೇಳಲಿಲ್ಲ ಮಾಸ್ತರ, ಒತ್ತಿದೆ" ಎಂದರು. ಧ್ವನಿ ಸಣ್ಣಗಾಗಿತ್ತು. "ಮೊದಲ ಒತ್ತೂದು ಅಂದ್ರ ಬಾಗಲಾ ತಗಿಯೂದು, ಅಷ್ಟ. ದನದ ಪ್ಯಾಟ್ಯಾಗ ಸಣ್ಣ ಹುಡುಗರಿಗೂ ಇದು ಗೊತ್ತೈತಿ. ಅವ ತಿರುಗಿ ಕಮ್ಮಿ ಒತ್ತಬೇಕಿತ್ತು, ನಾ ಇಳೀತಿದ್ದೆ. ಮತ್ತ ಒತ್ತತಿದ್ದ, ಮತ್ತ ಇಳೀತಿದ್ದೆ. ಚೀಟಿ ಕಿಮ್ಮತ್ತಿಗೆ ಬಂದು ನಿಂದರತಿದ್ದೆ. ಸಾವಕಾರ ಅಲ್ಲೆ ಕುಂತಿದ್ದ, ಇಡೀ ಪ್ಯಾಟಿ ನೋಡತಿತ್ತು. ಕೈ ಕೊಡದ ಹಂಗ ಗಾಡಿ ಕೊಟ್ಟರ ನಾಳಿಂದ ಯಾರ ನನ್ನ ಕೈ ಹಿಡೀತಾರ? ಟಾಂಗಾ ಹೊಡಿಯಾಂವಗ ಎರಡ ಗಳಗಿ ತಾಳ್ಮಿ ಇರಲಿಲ್ಲ. ಕೈ ಕಿತ್ತಗೊಂಡ."

"ಹಂಗಾರ ಕರದ ಕೊಡ್ರಿ. ಇನ್ನೂ ಗಾಡಿ ಇಲ್ಲೇ ಐತಿ."

"ಕಿತ್ತಗೊಂಡ ಕೈಗೆ ಅದ ಮಾಲಿನ ಮ್ಯಾಲ ಮತ್ತ ಕೈ ಕೊಡೂ ಹಂಗಿಲ್ಲ. ನಮ್ಮಪ್ಪ ಕೊಟ್ಟಿಲ್ಲ, ನಮ್ಮಜ್ಜ ಕೊಟ್ಟಿಲ್ಲ."

"ಬಾಯಿಲೆ ಹೇಳ್ರಿ! ಬಾಯಿ ಇಲ್ಲೇನ ನಿಮಗ?"

ಅವರು ನೆಲ ನೋಡುತ್ತಾ ಕುಳಿತರು. ಅವರಿಗೆ ಅದು ನಿಜವಾಗಿಯೂ ಆಗದು ಎಂಬುದು ನನಗೆ ಆಗ ಅರ್ಥವಾಯಿತು, ಅರ್ಥವಾದಷ್ಟೂ ಸಿಟ್ಟು ಹೆಚ್ಚಾಯಿತು.

ಅಲ್ಲಿಂದ ಯಮನಪ್ಪನ ಮನೆಗೆ ಹೋದೆ. ಅವನು ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದ. ಸಾಹೇಬರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ನಾಳೆ ಬೆಳಿಗ್ಗೆ ಒಂದು ಮಾತು ಕೇಳು, ಕೊಡುತ್ತಾರೆ ಎಂದೆ.

"ಇಳೀತಿದ್ನಂತ? ಸುಳ್ಳ ಬೊಗಳತಾನ" ಎಂದ. "ಮಾಸ್ತರ, ನಾ ಗೆಳ್ಯಾ ಅಂತ ಕೈ ಇಟ್ಟೆ. ಅವ ಗಿರಾಕಿ ಅಂತ ಒತ್ತಿದ. ಅವನ ಬಾಗಲಕ್ಕ ನಾ ಇನ್ನ ಹೋಗೂದಿಲ್ಲ. ಆ ಗಾಡಿಗೆ ಬೆಂಕಿ ಬಡೀಲಿ."

ಅವನ ಹೆಂಡತಿ ಒಳಗಿನಿಂದ, "ಹೋಗಿ ಬರ್ರಿ, ಮಕ್ಕಳ ಮುಖ ನೋಡ್ರಿ" ಎಂದು ಗೋಗರೆದಳು. ಅವನು ಕುದುರೆಯ ಕೊರಳು ತಿಕ್ಕುತ್ತಾ ನಿಂತ. ಇಬ್ಬರು ಗಂಡಸರು, ಇಬ್ಬರದೂ ಗರಡಿಯಲ್ಲಿ ಬೆಳೆಸಿದ ಹಟ. ನಾನು ನಡುವೆ ಓಡಾಡಿ ಸೋತೆ. ಮರುದಿನ ಜಿನ್ನಿನ ಸಾವಕಾರ ವಲ್ಲಿಯ ಕೆಳಗೆ ಕೈ ಇಟ್ಟ, ಬಟ್ಟೆ ಅಲ್ಲಾಡಿತು, ಗಾಡಿ ಅವನದಾಯಿತು. ಅದರ ಹಿಂದೆಯೇ ಗುತ್ತಿಗೆಯೂ ಅವನದಾಯಿತು.

ಆಮೇಲೆ ಆದದ್ದನ್ನು ಉದ್ದ ಹೇಳಿ ಏನು ಮಾಡುವುದು? ಹೊಲ ಹೋಗಿತ್ತು, ಗುತ್ತಿಗೆ ಹೋಯಿತು. ಹೊಲದ ದುಡ್ಡು ಕೂತು ಉಣ್ಣುವುದರಲ್ಲಿ ಕರಗಿತು. ಮೋಟಾರು ಓಡುವ ದಾರಿಯಲ್ಲಿ ಟಾಂಗಾ ಯಾರು ಹತ್ತುತ್ತಾರೆ? ಒಂದು ಕುದುರೆ ಮಾರಿದ, ಇನ್ನೊಂದು ಸತ್ತಿತು. ಸಾಲೆಗೆ ಹೋಗುತ್ತಿದ್ದ ಮಗ ನನ್ನದೇ ಗೋದಾಮಿನಲ್ಲಿ ಚೀಲ ಹೊರಲು ಬಂದ. ಆ ಎಳೆಯ ಬೆನ್ನಿನ ಮೇಲೆ ಅರಳೆ ಅಂಡಿಗೆ ಏರಿಸುವಾಗ ನಾನು ಆಚೆ ಮುಖ ಮಾಡುತ್ತಿದ್ದೆ. ಕೊನೆಗೆ, ಹುಬ್ಬಳ್ಳಿಯಿಂದ ಕರೆಸಿದ್ದ ಡ್ರೈವರ ಬಿಟ್ಟುಹೋದಾಗ, ಸಾವಕಾರನೇ ಯಮನಪ್ಪನನ್ನು ಕರೆದು ಡ್ರೈವರನ ಕೆಲಸ ಕೊಟ್ಟ. ಹೊಡೆಯಲು ಕಲಿತವರು ಆಗ ಊರಲ್ಲಿ ಬೇರೆ ಯಾರಿದ್ದರು? ತನ್ನದಾಗಬೇಕಾಗಿದ್ದ ಗಾಡಿಯನ್ನು, ತನ್ನ ಅಪ್ಪ ಓಡಾಡಿದ ದಾರಿಯಲ್ಲಿ, ಕೂಲಿಗೆ ಹೊಡೆಯತೊಡಗಿದ. ಬೆಳಿಗ್ಗೆ ಮುಂದೆ ನಿಂತು ಹ್ಯಾಂಡಲ್ಲು ತಿರುವುವಾಗ ಒಂದೊಂದು ತಿರುವಿಗೂ ಸಾಹೇಬರಿಗೆ ಒಂದೊಂದು ಬೈಗುಳ. ತಾಯಿ ಅಕ್ಕ ಯಾರನ್ನೂ ಬಿಡುತ್ತಿರಲಿಲ್ಲ. ಬೈಗುಳ ಮುಗಿಯುವ ಹೊತ್ತಿಗೆ ಇಂಜಿನ್ನು ಹೊತ್ತಿಕೊಳ್ಳುತ್ತಿತ್ತು. ಮಂದಿ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಬಯ್ಯದೆ ಇದ್ದಿದ್ದರೆ ಆ ಹ್ಯಾಂಡಲ್ಲು ತಿರುವುವ ಕಸುವು ಅವನಿಗೆ ಬರುತ್ತಿರಲಿಲ್ಲವೆಂದೇ ನನಗೆ ಅನಿಸಿತ್ತು.

ಒಂದು ಸಲ ನಾನು ಇಲಕಲ್ಲಿಗೆ ಹೊರಟಾಗ ಅದೇ ಗಾಡಿಯಲ್ಲಿ ಸಾಹೇಬರೂ ಇದ್ದರು. ಸೀರೆ ವ್ಯಾಪಾರಿಯ ಮನೆಯ ಯಾವುದೋ ಕಾರ್ಯಕ್ಕೆ ಹೊರಟಿದ್ದರು. ದಾರಿಯುದ್ದಕ್ಕೂ ಯಮನಪ್ಪ ರಸ್ತೆ ನೋಡಿದ, ಸಾಹೇಬರು ಹೊಲ ನೋಡಿದರು. ಮಲಪ್ರಭೆಯ ಉಸುಕಿನಲ್ಲಿ ಗಾಲಿ ಹೂತುಕೊಂಡಿತು. ಎಲ್ಲರೂ ಇಳಿದು ನೂಕಿದೆವು. ಸಾಹೇಬರೂ ಇಳಿದರು. ಎಣ್ಣೆ ತಿಕ್ಕಿ ಸಾಕಿದ ಆ ಕೈಗಳನ್ನು ಕೆಸರು ಮೆತ್ತಿದ ಗಾಲಿಗೆ ಕೊಟ್ಟು, ಮಂಡಿಯುದ್ದ ನೀರಿನಲ್ಲಿ ನಿಂತು, ಮೈಯ ಶಕ್ತಿಯನ್ನೆಲ್ಲ ಹಾಕಿ ನೂಕಿದರು. ಒಂದು ಉಗುರು ಕಿತ್ತು ನೆತ್ತರು ಬಂತು. ಯಮನಪ್ಪ ಹಿಂದಿರುಗಿ ನೋಡಿದ, ನೋಡಿ ಮತ್ತೆ ಮುಂದೆ ತಿರುಗಿದ. ಒಂದು ಮಾತು, ಒಂದೇ ಒಂದು ಮಾತು ಅಲ್ಲಿ ಯಾರಾದರೂ ಆಡಿದ್ದರೆ! ಇಲಕಲ್ಲಿನಲ್ಲಿ ಸಾಹೇಬರು ಇಳಿದು, ಟಿಕೇಟಿನ ದುಡ್ಡನ್ನು ಸೀಟಿನ ಮೇಲೆ ಇಟ್ಟು ಹೋದರು.

ವರ್ಷಗಳು ಹೋದವು. ಮೋಟಾರುಗಳು ಹೇರಳವಾಗಿ ಬರತೊಡಗಿದವು. ಹುಬ್ಬಳ್ಳಿಗೆ ಹೋದರೆ ಚೀಟಿಯ ಕಿಮ್ಮತ್ತಿಗೇ ಸಿಗುವಾಗ ವಲ್ಲಿಯ ಕೆಳಗೆ ಕೈ ಇಡುವವರು ಯಾರು? ಸಾಹೇಬರು ಷೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಎಣ್ಣೆ ತಿಕ್ಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆಮೇಲೆ ಗಂಟಲಿನಲ್ಲಿ ಗಡ್ಡೆಯೆದ್ದಿತು. ಮೀರಜಿನ ದವಾಖಾನೆಗೆ ಒಯ್ದು ತೋರಿಸಿದರು, ಕೈಮೀರಿದೆ ಎಂದರು. ಮೊದಲು ಧ್ವನಿ ಒಡೆಯಿತು, ಆಮೇಲೆ ನಿಂತೇಹೋಯಿತು. ಬರೆಯಲು ಅವರು ಕಲಿತವರಲ್ಲ.

ನಾನು ನೋಡಲು ಹೋದಾಗ ಚಾದರಿನ ಕೆಳಗಿನಿಂದ ನನ್ನ ಕೈ ಹಿಡಿದರು. ಬೆರಳುಗಳನ್ನು ಗಟ್ಟಿಯಾಗಿ ಒತ್ತಿದರು. ಬಿಟ್ಟು ಮತ್ತೆ ಒತ್ತಿದರು, ಅಷ್ಟೇ ಬೆರಳು. ನನಗೆ ತಿಳಿಯಲಿಲ್ಲ. ಪರದೆಯ ಆಚೆಯಿಂದ ಅವರ ಬೇಗಂ ಮಾತಾಡಿದರು.

"ಬಂದವರೆಲ್ಲಾರ ಕೈ ಹಿಂಗ ಹಿಡೀತಾರ, ಭಾಯಿ. ಯಾರಿಗೂ ತಿಳಿವಲ್ದು. ಒಂದಿನ ಮೋಟಾರಿನ ಹಾರ್ನ್ ಕೇಳಿಸಿತು, ಎದ್ದು ಕುಂತು ಬಾಗಲಾ ತೋರಿಸಿದ್ರು. ಆ ಟಪಾಲಿನವರನ್ನ ಕರಕೊಂಡ ಬರ್ರಿ, ನಿಮ್ಮ ಕಾಲ ಬೀಳತೇನಿ. ನಮ್ಮ ಕುರಾನದಾಗ ಐತಿ, ಅಲ್ಲೆ ಮ್ಯಾಲ ಹ್ವಾದ ಮ್ಯಾಲ ಬಾಯಿ ಮುಚ್ಚತಾವಂತ, ಕೈನ ಸಾಕ್ಷಿ ಹೇಳತಾವಂತ. ಅಲ್ಲಿ ಹೇಳೂದಕ್ಕಿಂತ ಮೊದಲ ಇಲ್ಲೆ ಹೇಳಿಬಿಡ್ಲಿ."

ಯಮನಪ್ಪನನ್ನು ಮೋಟಾರ ಸ್ಟ್ಯಾಂಡಿನಲ್ಲಿ ಹಿಡಿದೆ. ಬೆನ್ನು ಬಾಗಿತ್ತು, ಡ್ರೈವರನ ಕೆಲಸವನ್ನೂ ಬಿಟ್ಟಿದ್ದ. ಕಾಸಿಗೆ ಗಾಡಿ ತೊಳೆಯುತ್ತಿದ್ದ. ಬರುವುದಿಲ್ಲವೆಂದ. ಬಯ್ದ. ಸಾಯಲಿ ಎಂದ. ಬೇಗಮರು ಹೇಳಿದ್ದನ್ನು ಹೇಳಿದೆ. ಬಕೇಟನ್ನು ಕೆಳಗಿಟ್ಟು, ಅಂಗಿಯ ಚುಂಗಿನಿಂದ ಕೈ ಒರೆಸಿಕೊಳ್ಳುತ್ತಾ ನನ್ನ ಹಿಂದೆ ಬಂದ.

ಸಾಹೇಬರು ಅವನನ್ನು ನೋಡಿದರು. ಚಾದರಿನ ಅಂಚು ಎತ್ತಿ ಕೈ ಮುಂದೆ ಸರಿಸಿದರು. ಒಮ್ಮೆ ಕಿತ್ತ ಕೈಗೆ ಅದೇ ಮಾಲಿನ ಮೇಲೆ ಎರಡನೆಯ ಸಲ ಕೈ ಕೊಡುವುದು ಅವರ ಮನೆತನದಲ್ಲಿ ಅದೇ ಮೊದಲು. ಯಮನಪ್ಪ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಚಾದರಿನ ಕೆಳಗೆ ಕೈ ತೂರಿಸಿದ. ನಾನು ರೀತಿಯಂತೆ ಬೇರೆ ಕಡೆ ನೋಡಿದೆ. ಆದರೂ ಬಟ್ಟೆ ಅಲ್ಲಾಡುವುದು ಕಣ್ಣಂಚಿಗೆ ಕಾಣುತ್ತಿತ್ತು. ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಸಾಹೇಬರ ಕಣ್ಣಿಗೆ ಜೊಂಪು ಹತ್ತುವವರೆಗೂ ಯಮನಪ್ಪ ಕೈ ತೆಗೆಯಲಿಲ್ಲ.

ಸಾಹೇಬರು ಹೋದದ್ದು ಆ ಶುಕ್ರವಾರ. ಕಬರಸ್ತಾನದಲ್ಲಿ ಯಮನಪ್ಪ ಗೋಡೆಯ ಹೊರಗೆ ನಿಂತಿದ್ದ, ಒಳಗೆ ಬರಲಿಲ್ಲ. ಮಣ್ಣು ಮುಗಿಸಿ ನಾನು ಹೊರಬಂದಾಗಲೂ ಅಲ್ಲೇ ಇದ್ದ. ಇಬ್ಬರೂ ಸ್ಟೇಷನ್ನಿನ ಕಡೆಗೆ ನಡೆದೆವು. ಕೇಳಬಾರದ ಪ್ರಶ್ನೆ, ಆದರೂ ಕೇಳಿದೆ. ಏನು ಒತ್ತಿದರು?

"ಅವತ್ತ ಗೋದಾಮಿನ್ಯಾಗ ಎಷ್ಟ ಒತ್ತಿದ್ನೋ ಅಷ್ಟ ಒತ್ತಿದ. ನನಗ ಮತ್ತ ಸಿಟ್ಟ ಬಂತು. ಕಿತ್ತಗೋಬೇಕಂದೆ. ಸಾಯೂ ಮನಷ್ಯಾ ಅಂತ ತಡದೆ. ನಾ ಏನೂ ಒತ್ತಲಿಲ್ಲ, ಸುಮ್ಕ ಇಟ್ಟಿದ್ದೆ." ದಾರಿಯ ಮೇಲಿನ ಕಲ್ಲೊಂದನ್ನು ಕಾಲಿನಿಂದ ಸರಿಸಿದ. "ಒಂದ ಬೆರಳ ಬಿಟ್ಟ. ಗಳಗಿ ತಡದು ಇನ್ನೊಂದ ಬಿಟ್ಟ. ನಾ ಏನೂ ಕೇಳದಿದ್ರೂ ಅವನ ಇಳಕೋತ ಬಂದ ಮಾಸ್ತರ. ಕಡೀಕ ಒಂದೂ ಬೆರಳ ಹಿಡೀಲಿಲ್ಲ. ಬರೇ ಅಂಗೈ ಮ್ಯಾಲ ಅಂಗೈ ಇಟ್ಟ. ಮ್ಯಾಲಿಂದ ಏನೂ ಬ್ಯಾಡ, ಚೀಟಿ ಕಿಮ್ಮತ್ತಿಗೆ ಒಯ್ಯಿ ಅಂದಂಗ."

ಅವನ ಮುಖ ನೋಡಲಾಗದೆ, "ಯಮನಪ್ಪಾ, ರೋಗದ ಕೈ ಅದು. ಕಸುವಿಲ್ಲದ ಬೆರಳ ಜಾರಿರಬೇಕು" ಎಂದೆ.

"ದಲಾಲನ ಕೈ ರೀ ಅದು, ಜಾರೂದಿಲ್ಲ." ರಸ್ತೆಯ ನಡುವೆ ನಿಂತುಬಿಟ್ಟ. "ಅವತ್ತ ಅವ ನಿಮ್ಮ ಮುಂದ ಹೇಳಿದ್ದು ಖರೆ ಇತ್ತು. ಇಳೀತಿದ್ದ. ಇಷ್ಟ ವರ್ಷ ಅವನ್ನ ಬೈಕೋತ ಬದುಕೇನಿ ಮಾಸ್ತರ. ಇನ್ನ ಯಾರನ್ನ ಬೈಲಿ?"